ಗ್ಲಾಸ್ ಎಪಾಕ್ಸಿ ಶೀಟ್ ಕತ್ತರಿಸಲು ಯಾವ ಬ್ಲೇಡ್ ಹಾಕಬೇಕು?

ಪ್ರಶ್ನೆ: ನಮಸ್ಕಾರ ಅಣ್ಣಾ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಇಷ್ಟು ದಿನ ಪ್ಲೈವುಡ್, ಅಲ್ಯೂಮಿನಿಯಂ ಕತ್ತರಿಸುತ್ತಿದ್ದೆವು. ಈಗ ಕರೆಂಟ್ ಪ್ಯಾನಲ್‌ಗೆ 10 ಎಂಎಂ ಗ್ಲಾಸ್ ಎಪಾಕ್ಸಿ ಶೀಟ್ ಆರ್ಡರ್ ಬಂದಿದೆ. ಹೊಸ ಕಾರ್ಬೈಡ್ ಬ್ಲೇಡ್ ಹಾಕಿದೆ, 10 ಇಂಚು, 80 ಹಲ್ಲು. ಮೂರನೇ ಶೀಟಿಗೇ ಹೊಗೆ ಬಂತು, ಅಂಚು ಕಂದಾಗಿ ಪದರ ಎದ್ದಿತು. ಸಾಣೆ ಹಿಡಿಸಿ ತಂದರೂ ಅದೇ ಹಾಡು. ಬ್ಲೇಡೇ ಕಳಪೆಯಾ?

ಉತ್ತರ: ಬ್ಲೇಡ್ ಕಳಪೆ ಇರಲಿಕ್ಕಿಲ್ಲ ತಮ್ಮಾ, ಅದು ಈ ಕೆಲಸದ್ದಲ್ಲ. ಆ ಶೀಟಿನ ಒಳಗಿರುವುದು ಗಾಜಿನ ಎಳೆಯ ಬಟ್ಟೆ, ಅದನ್ನು ಎಪಾಕ್ಸಿ ಅನ್ನುವ ಅಂಟಿನಲ್ಲಿ ಗಟ್ಟಿ ಮಾಡಿರುತ್ತಾರೆ. ಗಾಜು ಕಾರ್ಬೈಡ್‌ಗಿಂತ ಮೆದು, ನಿಜ. ಆದರೆ ಕಾರ್ಬೈಡ್ ಕಣಗಳನ್ನು ಹಿಡಿದಿಟ್ಟಿರುವುದು ಕೋಬಾಲ್ಟ್ ಅನ್ನುವ ಲೋಹ, ಗಾಜಿನ ಎಳೆ ಉಜ್ಜಿ ಉಜ್ಜಿ ಮೊದಲು ಅದನ್ನೇ ತಿಂದುಹಾಕುತ್ತದೆ, ಆಮೇಲೆ ಕಣಗಳು ತಾವಾಗಿಯೇ ಉದುರಿ ಹಲ್ಲು ಮೊಂಡಾಗುತ್ತದೆ. ಮೊಂಡು ಹಲ್ಲು ಕತ್ತರಿಸುವುದಿಲ್ಲ, ಸುಮ್ನೆ ತಿಕ್ಕುತ್ತದೆ. ಅಲ್ಯೂಮಿನಿಯಂ ಆದರೆ ಆ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಇದು ಹೋಗಲು ಬಿಡುವುದಿಲ್ಲ. ಅದಕ್ಕೇ ಅಂಟು ಸುಟ್ಟು ಹೊಗೆ ಬಂತು.

ಹಲ್ಲಿಲ್ಲದ ಡೈಮಂಡ್ ಬ್ಲೇಡ್ ತನ್ನಿ. ಅಂಚಿನ ಸುತ್ತಲೂ ವಜ್ರದ ಹರಳು ಅಂಟಿಸಿದ್ದು, ಇಲೆಕ್ಟ್ರೋಪ್ಲೇಟೆಡ್ ಅಂತ ಕೇಳಿದರೆ ಕೊಡುತ್ತಾರೆ. ಇಳಕಲ್ ಕಡೆ ಗ್ರಾನೈಟ್ ಕೊಯ್ಯುವ, ಅಂಚಿನಲ್ಲಿ ನಡುನಡುವೆ ಸಂದಿ ಇರುವ ಬ್ಲೇಡ್ ಕಂಡು ಇದೂ ಡೈಮಂಡೇ ಅಲ್ವಾ ಅಂತ ತರಬೇಡಿ. ಆ ಸಂದಿಗಳು ಬಡಿದು ಅಂಚಿನ ಚಕ್ಕೆ ಎಬ್ಬಿಸುತ್ತವೆ. ಬ್ಲೇಡಿನ ಮೇಲೆ ಬರೆದಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು) ನಿಮ್ಮ ಮಷಿನ್ನಿನದಕ್ಕಿಂತ ಜಾಸ್ತಿ ಇರಲೇಬೇಕು.

ಪ್ರಶ್ನೆ: ನೀವು ಹೇಳಿದ ಬ್ಲೇಡ್ ತಂದೆ ಅಣ್ಣಾ. ಮೊದಲೆರಡು ದಿನ ಬೆಣ್ಣೆಯಂತೆ ಹೋಯಿತು, ಈಗ ಮತ್ತೆ ಬಿಸಿಯಾಗುತ್ತಿದೆ. ಇದೂ ಸವೆಯಿತಾ?

ಉತ್ತರ: ಕೈಯಿಂದ ಮುಟ್ಟಿ ನೋಡಿ, ಮಷಿನ್ ಬಂದ್ ಮಾಡಿ ಪ್ಲಗ್ ತೆಗೆದು. ನುಣ್ಣಗಿದ್ದರೆ ಹರಳಿನ ಮೇಲೆ ಅಂಟು ಕೂತಿದೆ ಅಂತ ಅರ್ಥ. ಡ್ರೆಸ್ಸಿಂಗ್ ಕಲ್ಲು ಅಂತ ಬ್ಲೇಡ್ ಶುಚಿ ಮಾಡುವ ಒರಟು ಕಲ್ಲು ಬರುತ್ತದೆ, ಅದರ ಮೇಲೆ ನಾಲ್ಕೈದು ಸಲ ಓಡಿಸಿದರೆ ಅಂಟು ಕಿತ್ತು ಹರಳು ಮತ್ತೆ ಹೊರಬರುತ್ತವೆ. ಹಾಗೂ ಕಡಿಯದಿದ್ದರೆ ಹರಳೇ ಹೋಗಿವೆ. ಇದರಲ್ಲಿರುವುದು ಒಂದೇ ಪದರ, ಮತ್ತೆ ಸಾಣೆ ಹಿಡಿಸಲು ಬರುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ವಿಜಯಪುರದಿಂದ ಕೇಳುತ್ತಿದ್ದೇನೆ ಸರ್. ನಮ್ಮದು ಫಾಲ್ಸ್ ಸೀಲಿಂಗ್ ಕೆಲಸ, ಫೈಬರ್ ಸಿಮೆಂಟ್ ಬೋರ್ಡಿಗೂ ಇದೇ ಬ್ಲೇಡ್ ನಡೆಯುತ್ತದಾ?

ಉತ್ತರ: ಬೇಡ. ಅದಕ್ಕೆ ಪಿಸಿಡಿ, ಅಂದರೆ ವಜ್ರದ ಕಣಗಳನ್ನು ಒತ್ತಿ ಗಟ್ಟಿ ಮಾಡಿದ ಹಲ್ಲಿನ ಬ್ಲೇಡ್ ಒಳ್ಳೆಯದು. ಏಳೂಕಾಲು ಇಂಚಿನದರಲ್ಲಿ ನಾಲ್ಕೋ ಆರೋ ಹಲ್ಲು ಇರುತ್ತವೆ, ಇಷ್ಟೇನಾ ಅಂತ ಹೆದರಬೇಡಿ. ಹಲ್ಲು ಕಡಿಮೆ ಇದ್ದಷ್ಟೂ ತಿಕ್ಕುವುದು ಕಡಿಮೆ, ನುಣ್ಣನೆ ಧೂಳೂ ಕಡಿಮೆ. ಆ ಧೂಳಿನಲ್ಲಿ ಸಿಲಿಕಾ ಇದೆ, ಒಳಗೆ ಹೋದರೆ ಶ್ವಾಸಕೋಶದಲ್ಲಿ ಆಗುವ ಗಾಯ ಮತ್ತೆ ವಾಸಿಯಾಗುವುದಿಲ್ಲ. ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ, ಹುಡುಗರಿಗೂ ಹಾಕಿಸಿ. ಕೋಣೆಯೊಳಗೆ ಕತ್ತರಿಸುವ ಬದಲು ಬೋರ್ಡ್ ಅಂಗಳಕ್ಕೆ ತನ್ನಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.