ತೋಳಿಗೆ ಬಿಸಿಜಿ ಹಾಕಿಸಿದ್ದರೂ ಶ್ವಾಸಕೋಶಕ್ಕೆ ಟಿಬಿ ಬಂದದ್ದು ಹೇಗೆ?

ಹಾಸನದ_ತಂಗಿ:
ನಮ್ಮ ಅಣ್ಣನ ಎಡತೋಳಿನ ಮೇಲೆ ಟಿಬಿ ತಡೆಯಲು ಹಾಕುವ ಬಿಸಿಜಿ ಲಸಿಕೆಯ ಗುರುತು ಈಗಲೂ ದುಂಡಗೆ ಕಾಣುತ್ತೆ. ಆದರೂ ಹೋದ ತಿಂಗಳು ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು, ಮಾತ್ರೆ ಶುರುವಾಗಿದೆ. "ಹುಟ್ಟಿದ ವಾರದಲ್ಲೇ ಹಾಕಿಸಿದ್ದೆ ಅಲ್ವಾ" ಅಂತ ಅಮ್ಮ ಕೊರಗುತ್ತಿದ್ದಾರೆ. ಕೋತಿಗಳ ರಕ್ತನಾಳಕ್ಕೆ ಇದೇ ಲಸಿಕೆ ಕೊಟ್ಟಾಗ ಚೆನ್ನಾಗಿ ಕೆಲಸ ಮಾಡಿತು ಅಂತ ಓದಿದೆ. ಹಾಗಿದ್ದರೆ ನಮಗೂ ಯಾಕೆ ಹಾಗೆ ಕೊಡಲ್ಲ?

ಲ್ಯಾಬ್_ಮನುಷ್ಯ:
ಅಮ್ಮನದು ಏನೂ ತಪ್ಪಿಲ್ಲ, ಮೊದಲು ಅದನ್ನು ಅವರಿಗೆ ಹೇಳಿ. ಬಿಸಿಜಿ ಎಳೆ ಮಕ್ಕಳನ್ನು ಮಿದುಳಿನ ಟಿಬಿ, ಮೈಯೆಲ್ಲ ಹರಡುವ ಟಿಬಿಯಿಂದ ಚೆನ್ನಾಗಿ ಕಾಯುತ್ತೆ. ದೊಡ್ಡವರ ಶ್ವಾಸಕೋಶಕ್ಕೆ ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ರೋಗಾಣು ಉಸಿರಿನ ಜೊತೆ ಗಾಳಿಚೀಲದವರೆಗೂ ಹೋಗುತ್ತೆ. ಅಲ್ಲಿರುವ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶ ಅದನ್ನು ನುಂಗುತ್ತೆ, ಆದರೆ ಕೊಲ್ಲಲು ಆಗಲ್ಲ, ಅದರ ಹೊಟ್ಟೆಯಲ್ಲೇ ರೋಗಾಣು ಸುಮಾರು 20 ಗಂಟೆಗೊಮ್ಮೆ ಎರಡರಷ್ಟಾಗುತ್ತಾ ಹೋಗುತ್ತೆ. ಜ್ವರ ಇಲ್ಲ, ಕೆಮ್ಮಿಲ್ಲ. ಹತ್ತಿರದ ಲಿಂಫ್ ಗ್ರಂಥಿಗೆ ಸುದ್ದಿ ಮುಟ್ಟಿ, ರೋಗಾಣುವಿನ ವಿರುದ್ಧ ಹೋರಾಡುವ ಟಿ ಕೋಶಗಳು ತಯಾರಾಗಿ ಶ್ವಾಸಕೋಶಕ್ಕೆ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತೆ. ಚರ್ಮಕ್ಕೆ ಹಾಕಿದ ಬಿಸಿಜಿಯಿಂದ ತಯಾರಾದ ಟಿ ಕೋಶಗಳಲ್ಲಿ ಶ್ವಾಸಕೋಶದಲ್ಲೇ ನೆಲೆ ನಿಲ್ಲುವವು ಕಡಿಮೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ.

ನೀವು ಓದಿದ್ದು 2020ರ ಅಮೆರಿಕದ ಪ್ರಯೋಗ ಇರಬೇಕು. ರಕ್ತನಾಳಕ್ಕೆ ಬಿಸಿಜಿ ಕೊಟ್ಟ 10 ರೀಸಸ್ ಕೋತಿಗಳಲ್ಲಿ 9ಕ್ಕೆ ಒಳ್ಳೆ ರಕ್ಷಣೆ ಸಿಕ್ಕಿತು, 6ರಲ್ಲಿ ಸೋಂಕಿನ ಸುಳಿವೇ ಇರಲಿಲ್ಲ. ಇಂಥ ಪ್ರಯೋಗದಲ್ಲಿ ಶ್ವಾಸಕೋಶದೊಳಗೆ ಉಪ್ಪುನೀರು ಬಿಟ್ಟು, ವಾಪಸ್ ಎಳೆದು, ಅದರಲ್ಲಿನ ಕೋಶಗಳನ್ನು ಎಣಿಸುತ್ತಾರೆ. ಚರ್ಮಕ್ಕೆ ಹಾಕಿಸಿಕೊಂಡ ಕೋತಿಗಳಿಗಿಂತ ಇವುಗಳ ಆ ನೀರಿನಲ್ಲಿ ಟಿ ಕೋಶಗಳು ತುಂಬಾ ಜಾಸ್ತಿ ಇದ್ದವು.

ಹಾಸನದ_ತಂಗಿ:
ಹಾಗಾದರೆ ಮನುಷ್ಯರಿಗೂ ಕೊಡಬಹುದಲ್ವಾ ಸರ್?

ಲ್ಯಾಬ್_ಮನುಷ್ಯ:
ಬಿಸಿಜಿಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಕೋತಿಗಳಿಗೆ ಕೊಟ್ಟ ಪ್ರಮಾಣವೂ ದೊಡ್ಡದು, ಸ್ವಲ್ಪ ಕಾಲ ಅವುಗಳ ಗುಲ್ಮ ಊದಿಕೊಂಡಿತ್ತು. ಎಚ್‌ಐವಿ ಇರುವವರಿಗೆ ಅದನ್ನು ರಕ್ತಕ್ಕೇ ಬಿಟ್ಟರೆ ಪ್ರಾಣಕ್ಕೇ ಕುತ್ತು. ಆ ಪ್ರಯೋಗದಿಂದ ಗೊತ್ತಾಗಿದ್ದು, ರಕ್ಷಣೆ ಎಲ್ಲಿರಬೇಕು ಅನ್ನುವುದು. ಅಷ್ಟೇ ಕೋಶಗಳನ್ನು ಅಲ್ಲಿ ಕೂರಿಸಲು ಬೇರೆ, ಸುರಕ್ಷಿತ ದಾರಿ ಬೇಕು.

ಹಳೇ_ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ. ನಮ್ಮ ಪಕ್ಕದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಬಿಸಿಜಿ ಪ್ರಯೋಗದಲ್ಲಿ ಸುಮಾರು 2.6 ಲಕ್ಷ ಜನ ಇದ್ದರು, 15 ವರ್ಷ ನೋಡಿದರೂ ದೊಡ್ಡವರಿಗೆ ಶ್ವಾಸಕೋಶದ ಟಿಬಿಯಿಂದ ರಕ್ಷಣೆ ಕಾಣಲಿಲ್ಲ. ಆಮೇಲೆ ದಕ್ಷಿಣ ಆಫ್ರಿಕಾದ ಕೂಸುಗಳಲ್ಲಿ ಎಂವಿಎ85ಎ ಅನ್ನುವ ಲಸಿಕೆ ನೋಡಿದರು. ರಕ್ತದಲ್ಲಿ ಟಿ ಕೋಶಗಳು ಎದ್ದವು, ಆದರೆ 2013ರ ಫಲಿತಾಂಶದಲ್ಲಿ ಬಿಸಿಜಿಗಿಂತ ಹೆಚ್ಚಿನ ರಕ್ಷಣೆ ಕಾಣಲಿಲ್ಲ. ರಕ್ತ ಮಾತ್ರ ನೋಡಿ ಲಸಿಕೆಯನ್ನು ಅಳೆಯಬಾರದು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಆಗಲೇ.

ಹಾಗಂತ ಶ್ವಾಸಕೋಶದಲ್ಲಿ ಪ್ರತಿರೋಧ ಎಷ್ಟು ಜೋರಿದ್ದರೆ ಅಷ್ಟು ಒಳ್ಳೆಯದು ಅಂತಲೂ ಅಲ್ಲ. ಎಕ್ಸ್-ರೇಯಲ್ಲಿ ಕಾಣುವ ತೂತುಗಳಿವೆಯಲ್ಲ, ಅವುಗಳಲ್ಲಿ ಬಹುಪಾಲು ನಮ್ಮದೇ ಉರಿಯೂತದ ಕೆಲಸ.

ಆರೋಗ್ಯ_ಕಾರ್ಯಕರ್ತೆ:
ತಂಗೀ, ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರಾ? ಇದ್ದರೆ ಬಿಸಿಜಿ ಆಗಿದೆ ಅಂತ ಸುಮ್ನೆ ಇರಬೇಡಿ, ಈ ವಾರವೇ ತಪಾಸಣೆ ಮಾಡಿಸಿ. ಕಾಯಿಲೆ ಇಲ್ಲ ಅಂತ ಖಚಿತವಾದರೆ, ಅದು ಬಾರದಂತೆ ತಡೆಯುವ ಮಾತ್ರೆ ಸರ್ಕಾರದಿಂದಲೇ ಉಚಿತವಾಗಿ ಸಿಗುತ್ತೆ. ಅಮ್ಮನನ್ನೂ ಕರೆದುಕೊಂಡು ಹೋಗಿ. ಅಣ್ಣನಿಗೆ ಕೆಮ್ಮು ನಿಂತರೂ ಡಾಕ್ಟರ್ ಹೇಳುವವರೆಗೆ ಮಾತ್ರೆ ನಿಲ್ಲಿಸಲು ಬಿಡಬೇಡಿ.