ಸಹಾಯ ಬೇಕು: ಯೋಧರ ಹಳೇ ಪತ್ರಗಳ ಓದು, ಸ್ಕ್ಯಾನಿಂಗ್ (ಹಾಸನ)

ಹಾಸನ, ಅರಕಲಗೂಡು ಕಡೆಯ ಯೋಧರು 1965, 1971ರ ಯುದ್ಧಕಾಲದಲ್ಲಿ ಬರೆದ ಪತ್ರ, ದಿನಚರಿಗಳನ್ನು ಪುಸ್ತಕ ಮಾಡುತ್ತಿದ್ದೇವೆ. ಫ್ಲಾಟ್‌ಬೆಡ್ (ಹಾಳೆಯನ್ನು ಗಾಜಿನ ಮೇಲಿಡುವ) ಸ್ಕ್ಯಾನರ್ ಇರುವವರು ಬೇಕು. 600 ಡಿಪಿಐ ಸ್ಪಷ್ಟತೆಯಲ್ಲಿ, ಬಣ್ಣದಲ್ಲೇ. ಕಪ್ಪು-ಬಿಳುಪಿನಲ್ಲಿ ಪೆನ್ಸಿಲ್ ಅಕ್ಷರ ಮಾಯವಾಗುತ್ತದೆ. ಹಾಳೆ ಎಳೆದುಕೊಳ್ಳುವ ಯಂತ್ರ ಬೇಡವೇ ಬೇಡ, ಇನ್‌ಲ್ಯಾಂಡ್ ಲೆಟರ್ ಮಡಿಕೆಯಲ್ಲೇ ಹರಿಯುತ್ತದೆ. ಪತ್ರ ಕೊಡುವವರು ದಯವಿಟ್ಟು ಸೆಲೋಟೇಪ್, ಲ್ಯಾಮಿನೇಷನ್ ಮಾಡಿಸಬೇಡಿ.

ದೊಡ್ಡ ತೊಡಕು ಪತ್ರ ಬರೆದ ಸ್ಥಳ ಯಾವುದೆಂಬುದು. ವಿಳಾಸದಲ್ಲಿರುವುದು ಸೇನಾ ಘಟಕ, ಜೊತೆಗೆ 56 ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ). 56ರ ಅಂಚೆ ಹೋಗುವುದು ದೆಹಲಿ ಮೂಲಕ, 99ರದ್ದು ಕೋಲ್ಕತ್ತ ಮೂಲಕ. ಇಷ್ಟರಿಂದ ಯಾವ ಊರೆಂದು ಗೊತ್ತಾಗದು. ಅಂಚೆ ಠಸ್ಸೆಯ ಎಫ್‌ಪಿಒ (ಫೀಲ್ಡ್ ಪೋಸ್ಟ್ ಆಫೀಸ್) ಸಂಖ್ಯೆ, ತಾರೀಖು ನೋಡಿ ಘಟಕದ ಜಾಡು ಹಿಡಿಯಬಲ್ಲ ನಿವೃತ್ತ ಯೋಧರು, ಅಂಚೆಚೀಟಿ ಸಂಗ್ರಾಹಕರಿದ್ದರೆ ತಿಳಿಸಿ. ಠಸ್ಸೆ ಇರುವುದರಿಂದ ಖಾಲಿ ಲಕೋಟೆಯನ್ನೂ ಎಸೆಯಬೇಡಿ.

ಪತ್ರ ಓದಿ ನಕಲು ಬರೆದುಕೊಡುವವರೂ ಬೇಕು. ಕಾಗುಣಿತ ತಿದ್ದುವ ಚಪಲ ಇರುವ ಮೇಷ್ಟ್ರುಗಳು ಮಾತ್ರ ಕ್ಷಮಿಸಿ, ಬರೆದದ್ದು ಬರೆದಂತೆಯೇ ಬರಬೇಕು.