ಸುಟ್ಟ ಗಾಯಕ್ಕೆ ಪರಿಹಾರ: ಈಗಲೇ ಸಹಿ ಹಾಕೋದಾ, ಕಾಯೋದಾ?

ಕೇಳಿದವರು:
ಅಕ್ಕ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ಉಳಿದುಕೊಂಡಿದ್ದ ಹೋಟೆಲಿನಲ್ಲಿ ಶವರ್ ತಿರುಗಿಸಿದ ಕೂಡಲೇ ಕುದಿಯೋ ಥರದ ನೀರು ಬಂತು. ಎಡ ಭುಜ, ತೋಳು, ಬೆನ್ನಿನ ಮೇಲ್ಭಾಗ ಸುಟ್ಟಿದೆ. ಇವತ್ತಿಗೆ 19 ದಿನ. ತೊಡೆಯಿಂದ ಚರ್ಮ ತೆಗೆದು ಭುಜಕ್ಕೆ ಕಸಿ ಮಾಡಿದ್ದಾರೆ. ಅವಳನ್ನು ಕೆಳಗೆ ಕರೆತರುವಾಗ ರೂಮ್ ಬಾಯ್ ಒಬ್ಬ "ಆ ಗೀಸರ್ ಹೋದ ವಾರದಿಂದ್ಲೂ ಹೀಗೇ" ಅಂದನಂತೆ. ಈಗ ಮ್ಯಾನೇಜರ್ ಫೋನ್ ಮಾಡಿ, ಆಸ್ಪತ್ರೆ ಬಿಲ್ ಪೂರ್ತಿ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ಅಕ್ಕನದು ಒಂದೇ ಮಾತು: "ನಾನೇ ಕೈಯಿಟ್ಟು ನೋಡಬೇಕಿತ್ತು." ಇಂಥದ್ದನ್ನು ಕಂಡವರು ದಾರಿ ಹೇಳಿ.

ಹಬೆಯಿಂದ ಕೈ ಸುಟ್ಟುಕೊಂಡವನು:
ಸಹಿ ಹಾಕಬೇಡಿ. ಮುಂದಿನದು ಓದದಿದ್ದರೂ ಪರವಾಗಿಲ್ಲ, ಇಷ್ಟು ನೆನಪಿಡಿ.

ನಾನು ಹಾಕಿ ಕೆಟ್ಟವನು. ಕಾರ್ಖಾನೆಯಲ್ಲಿ ಹಬೆ ಪೈಪಿನ ವಾಲ್ವ್ ಸೋರುತ್ತಿತ್ತು. ರಿಪೇರಿ ಪುಸ್ತಕದಲ್ಲಿ ಎರಡು ಸಲ ಬರೆದೂ ಇದ್ದರು. ಯಾರೂ ಮುಟ್ಟಲಿಲ್ಲ. ಒಂದು ದಿನ ನನ್ನ ಬಲಗೈ, ಮುಂಗೈಯಿಂದ ಮೊಣಕೈ ದಾಟಿ, ಬೆಂದು ಹೋಯಿತು. ಐದು ವಾರಕ್ಕೆ ಗಾಯ ಮುಚ್ಚಿತು. ಸದ್ಯ ಮುಗಿಯಿತಲ್ಲ ಅಂದುಕೊಂಡೆ. ಅವರು ಆಸ್ಪತ್ರೆ ಖರ್ಚು, ಎರಡು ತಿಂಗಳ ಸಂಬಳ ಕೊಟ್ಟರು. ಕಾಗದದ ಕೊನೇ ಸಾಲಿನಲ್ಲಿ "ಇನ್ನು ಮುಂದೆ ಯಾವ ಬೇಡಿಕೆಯೂ ಇರುವುದಿಲ್ಲ" ಅಂತ ಇತ್ತು. ಓದಿದೆ, ಆದರೂ ಹಾಕಿದೆ.

ಮೂರನೇ ತಿಂಗಳಿಂದ ಕಲೆ ಕೆಂಪಗೆ ಉಬ್ಬಿತು. ಎಂಟನೇ ತಿಂಗಳು ಒಂದು ಬೆಳಗ್ಗೆ ಶರ್ಟ್ ಹಾಕಿಕೊಳ್ಳುವಾಗ ಕೈ ತೋಳಿನೊಳಗೆ ಅರ್ಧಕ್ಕೇ ನಿಂತಿತು. ನೋಡಿದರೆ ಮೊಣಕೈ ನೆಟ್ಟಗಾಗುತ್ತಿಲ್ಲ. ಚರ್ಮ ಸೆಳೆದುಕೊಂಡು ಗಟ್ಟಿಯಾಗಿತ್ತು. ಅದನ್ನು ಬಿಡಿಸಲು ಇನ್ನೊಂದು ಆಪರೇಷನ್, ಆಮೇಲೆ ಫಿಸಿಯೋಥೆರಪಿ, ದಿನಕ್ಕೆ 23 ಗಂಟೆ ಬಿಗಿಯಾದ ತೋಳುಚೀಲ. ಸ್ನಾನದ ಹೊತ್ತು ಬಿಟ್ಟರೆ ಅದು ಮೈಮೇಲೇ. ಎಲ್ಲಾ ನನ್ನ ದುಡ್ಡು. ವಕೀಲರ ಹತ್ತಿರ ಹೋದರೆ ಅವರು ಆ ಕೊನೇ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು.

ನಿಮ್ಮ ಅಕ್ಕನ ಗಾಯ ಭುಜದ್ದು. ಭುಜ ಕೂಡ ಮಡಚುವ ಜಾಗವೇ ಅಲ್ವಾ? ಮುಂದೆ ಏನೇನು ಬೇಕಾಗುತ್ತೆ ಅಂತ 19ನೇ ದಿನಕ್ಕೆ ಡಾಕ್ಟರಿಗೂ ಗೊತ್ತಾಗೋದಿಲ್ಲ. ಅದಕ್ಕೇ ಅವರಿಗೆ ಈಗ ಅವಸರ.

ಬರ್ನ್ಸ್ ವಾರ್ಡಿನ ನರ್ಸ್:
ಮೇಲಿನವರು ಹೇಳಿದ್ದು ನಿಜ. ವಾಸಿಯಾಗೋಕೆ ಮೂರು ವಾರಕ್ಕಿಂತ ಜಾಸ್ತಿ ತೆಗೆದುಕೊಂಡ ಗಾಯದಲ್ಲಿ ಕಲೆ ಉಬ್ಬೋದು ತುಂಬಾ ಸಾಮಾನ್ಯ. ಕಲೆ ಮೆತ್ತಗಾಗಿ ಒಂದು ರೂಪಕ್ಕೆ ಬರೋಕೆ ಒಂದರಿಂದ ಎರಡು ವರ್ಷ ಬೇಕು.

ನಾನು ಹೇಳಬೇಕಾದ್ದು ಕೇಸ್ ಶೀಟಿನ ಬಗ್ಗೆ. ಗಾಯ ಹೇಗಾಯಿತು ಅನ್ನೋ ಜಾಗದಲ್ಲಿ ಏನು ಬರೆದಿದ್ದಾರೆ, ಇವತ್ತೇ ಕೇಳಿ ಓದಿ. ಕ್ಯಾಶುಯಲ್ಟಿಯ ಗಡಿಬಿಡಿಯಲ್ಲಿ "ಸ್ನಾನ ಮಾಡುವಾಗ ಬಿಸಿನೀರು ಬಿದ್ದು" ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಓದಿದವರಿಗೆ ಆಕೆಯೇ ಸುರಿದುಕೊಂಡ ಹಾಗೆ ಕಾಣುತ್ತೆ. ಹಳೇದನ್ನು ತಿದ್ದಿಸಬೇಡಿ, ಅದು ಅನುಮಾನಕ್ಕೆ ದಾರಿ. ಶವರಿನಿಂದ ಒಮ್ಮೆಗೇ ಬಂದ ನೀರು ಅಂತ ಹೊಸ ಟಿಪ್ಪಣಿಯನ್ನು ಇವತ್ತಿನ ತಾರೀಕು ಹಾಕಿ ಸೇರಿಸಲು ಡಾಕ್ಟರನ್ನು ಕೇಳಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಷ್ಟು ಪರ್ಸೆಂಟ್, ಎಷ್ಟು ಆಳ, ಎಲ್ಲಿಂದ ಚರ್ಮ ತೆಗೆದರು, ಎಲ್ಲಾ ಇರಲಿ. ಅಕ್ಕನದೇ ಅಂಗೈ, ಬೆರಳು ಸೇರಿಸಿ, ಅವಳ ಮೈಯ ಸುಮಾರು 1 ಪರ್ಸೆಂಟ್. ಒಂದು ಕೈ ಪೂರ್ತಿ ಅಂದರೆ 9. ಆಳ ಸರಿಯಾಗಿ ಗೊತ್ತಾಗೋದು ಎರಡು ಮೂರು ದಿನ ಕಳೆದ ಮೇಲೆ. ಹಾಗಾಗಿ ಮೊದಲ ದಿನದ ಲೆಕ್ಕ ಒಂದನ್ನೇ ನಂಬಬೇಡಿ. ತೊಡೆಯ ಗಾಯದ ಫೋಟೋನೂ ತೆಗೀರಿ. ಎಲ್ಲರೂ ಅದನ್ನು ಮರೆಯುತ್ತಾರೆ. ನೋವಂತೂ ಎಷ್ಟೋ ಸಲ ಅಲ್ಲೇ ಜಾಸ್ತಿ.

ಇನ್ನು ಕೈಯಿಟ್ಟು ನೋಡೋ ಮಾತು. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡೋಕೆ ಐದು ಸೆಕೆಂಡ್ ಸಾಕು. 49 ಡಿಗ್ರಿಗೆ ಅದೇ ಕೆಲಸಕ್ಕೆ ನಿಮಿಷಗಳು ಹಿಡಿಯುತ್ತೆ. ಗೀಸರಿನ ಬಿಸಿಯನ್ನು ಮಿತಿಯಲ್ಲಿಡೋ ಥರ್ಮೋಸ್ಟಾಟ್ ಇರೋದು ಆ ವ್ಯತ್ಯಾಸ ಕಾಯೋಕೇ. ಅಕ್ಕನಿಗೆ ಇದನ್ನು ಹೇಳಿ.

ವಕೀಲರ ಕಚೇರಿಯಲ್ಲಿ ಫೈಲ್ ನೋಡಿಕೊಳ್ಳುವವಳು:
ಕೋರ್ಟ್ ಕೇಳೋದು ಹೆಚ್ಚುಕಡಿಮೆ ನಾಲ್ಕೇ ಪ್ರಶ್ನೆ. ಗೀಸರ್ ಸರಿಯಾಗಿಡೋ ಹೊಣೆ ಅವರದಾ? ಅದರಲ್ಲಿ ತಪ್ಪಿದರಾ? ಗಾಯ ಆಗಿದ್ದು ಆ ತಪ್ಪಿನಿಂದಲೇನಾ? ನಷ್ಟ ಎಷ್ಟು? ಎರಡನೇದಕ್ಕೆ ನಿಮ್ಮ ಹತ್ತಿರ ಇರೋ ಬಂಗಾರ ಅಂದರೆ ರೂಮ್ ಬಾಯ್ ಮಾತು. ಗೊತ್ತಿದ್ದೂ ಬಿಟ್ಟಿದ್ದರು ಅಂತಾಯಿತಲ್ಲ. ಆದರೆ ಆತನಿಗೆ ಕೆಲಸ ಉಳಿಸಿಕೊಳ್ಳಬೇಕು, ನಾಳೆ ನೆನಪಿಲ್ಲ ಅನ್ನಬಹುದು. ಯಾವಾಗ, ಎಲ್ಲಿ, ಯಾರೆದುರು ಏನಂದ ಅನ್ನೋದನ್ನು ಅಕ್ಕನ ಕೈಯಲ್ಲೇ ಇವತ್ತು ಬರೆಸಿಡಿ.

ಆಮೇಲೆ ಹೋಟೆಲಿಗೆ ಒಂದು ಪತ್ರ, ಇಮೇಲ್ ಆದರೂ ಸರಿ. ಆ ಗೀಸರ್, ಥರ್ಮೋಸ್ಟಾಟ್, ಸರ್ವಿಸ್ ಬಿಲ್, ದೂರು ಪುಸ್ತಕ, ಸಿಸಿಟಿವಿ ದೃಶ್ಯ, ಯಾವುದನ್ನೂ ಬದಲಾಯಿಸಬೇಡಿ, ಅಳಿಸಬೇಡಿ ಅಂತ. ಕ್ಯಾಮೆರಾ ದೃಶ್ಯದ ಮೇಲೆ ಕೆಲವೇ ವಾರಗಳಲ್ಲಿ ಹೊಸದು ಬಂದು ಕೂರುತ್ತೆ. 19 ದಿನ ಆಗಿದೆ ಅಂದಿರಿ, ಹಾಗಾಗಿ ನಾಳೆಗೆ ಬಿಡಬೇಡಿ.

ಅಕ್ಕನ ತಪ್ಪೂ ಇದೆ ಅಂತ ಅವರು ಖಂಡಿತ ಹೇಳುತ್ತಾರೆ. ಹೇಳಲಿ. ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಾಫಿ ಕೇಸು ಕೇಳಿರಬಹುದು, ಜನ ಅದನ್ನು ಜೋಕ್ ಮಾಡಿಬಿಟ್ಟಿದ್ದಾರೆ. 1992ರಲ್ಲಿ ಸ್ಟೆಲ್ಲಾ ಲೀಬೆಕ್ ಅನ್ನೋ 79 ವರ್ಷದ ಅಜ್ಜಿ, ನಿಂತ ಕಾರಿನಲ್ಲಿ ಕಪ್ಪಿನ ಮುಚ್ಚಳ ತೆಗೆಯುವಾಗ ಕಾಫಿ ತಾನೇ ಚೆಲ್ಲಿಕೊಂಡರು. ಅದು 82ರಿಂದ 88 ಡಿಗ್ರಿ ಬಿಸಿ ಇತ್ತು. ತೊಡೆಗೆ ಚರ್ಮ ಕಸಿ ಮಾಡಬೇಕಾಯಿತು. ಅವರು ಮೊದಲು ಕೇಳಿದ್ದು 20,000 ಡಾಲರ್, ಕಂಪನಿ ಕೊಡ್ತೀವಿ ಅಂದಿದ್ದು 800. ಅದಕ್ಕೂ ಮುಂಚೆ ಇಂಥವೇ 700ಕ್ಕೂ ಹೆಚ್ಚು ದೂರು ಬಂದಿದ್ದವು ಅಂತ 1994ರ ವಿಚಾರಣೆಯಲ್ಲಿ ಹೊರಬಿತ್ತು. ಅಜ್ಜಿಯದು 20 ಪರ್ಸೆಂಟ್ ತಪ್ಪು, ಕಂಪನಿಯದು 80 ಅಂದರು ಜ್ಯೂರಿ, ಅಂದರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನ. ನಷ್ಟಪರಿಹಾರ 2,00,000 ಡಾಲರ್ ಇದ್ದದ್ದು 1,60,000 ಆಯಿತು. ಶಿಕ್ಷೆಯ ರೂಪದ ದಂಡ ಬೇರೆ. ಕೊನೆಗೆ ರಾಜಿಯಲ್ಲಿ ಮುಗಿಯಿತು. ಸ್ವಲ್ಪ ತಪ್ಪಿದ್ದರೂ ಪರಿಹಾರ ಪೂರ್ತಿ ಹೋಗಲಿಲ್ಲ, ನೋಡಿ. ಎಲ್ಲಾ ಕಡೆ ನಿಯಮ ಒಂದೇ ಅಲ್ಲ, ಸ್ಥಳೀಯ ವಕೀಲರನ್ನೇ ಕೇಳಿ. ಕೇಸ್ ಹಾಕೋ ಗಡುವನ್ನೂ ಮೊದಲ ಭೇಟಿಯಲ್ಲೇ ಕೇಳಿ. ಕಲೆ ಮಾಗಲಿ ಅಂತ ಕಾಯ್ತಾ ಗಡುವು ದಾಟಿಸಿಕೊಂಡವರು ನಮ್ಮ ಕಚೇರಿಗೇ ಬಂದಿದ್ದಾರೆ.

ಮಗನ ಕಾಲಿಗೆ ಸುಟ್ಟಾಗ ರಾಜಿ ಮಾಡಿಕೊಂಡ ತಾಯಿ:
ನಾವು ರಾಜಿಯನ್ನೇ ಮಾಡಿಕೊಂಡೆವು, ಬೇಜಾರೇನೂ ಇಲ್ಲ. ಆದರೆ 14 ತಿಂಗಳು ಬಿಟ್ಟು. ಮಗು ಬೆಳೆದ ಹಾಗೆ ಕಲೆ ಬೆಳೆಯೋಲ್ಲ, ಮತ್ತೆ ಆಪರೇಷನ್ ಬೇಕಾಗಬಹುದು ಅಂತ ಡಾಕ್ಟರು ಖರ್ಚಿನ ಅಂದಾಜು ಸಮೇತ ಬರೆದುಕೊಟ್ಟರು. ಆ ಕಾಗದ ಇಟ್ಟುಕೊಂಡೇ ಮಾತಿಗೆ ಕೂತೆವು. ಅಲ್ಲೀತನಕ ಆಸ್ಪತ್ರೆ ಬಿಲ್ ಮಾತ್ರ ಅವರಿಂದ ತೆಗೆದುಕೊಂಡಿದ್ದೆವು, "ಇದು ಚಿಕಿತ್ಸೆಯ ಖರ್ಚು ಮಾತ್ರ, ಉಳಿದ ಹಕ್ಕು ಬಿಟ್ಟುಕೊಟ್ಟಿಲ್ಲ" ಅಂತ ಬರೆಸಿಕೊಂಡು. ನೀವೂ ಹಾಗೆ ಕೇಳಬಹುದು. ಕಾಗದವನ್ನು ಮಾತ್ರ ಮೊದಲು ವಕೀಲರಿಗೆ ತೋರಿಸಿ. ಕೋರ್ಟಿಗೆ ಹೋಗಲಿಲ್ಲ ಯಾಕಂದ್ರೆ ಮಗನನ್ನು ಕಂಡಕಂಡವರೆದುರು ಚಡ್ಡಿ ಎತ್ತಿಸಿ ನಿಲ್ಲಿಸೋದು ನನಗೆ ಬೇಡವಾಗಿತ್ತು.

ಮತ್ತೊಬ್ಬರು:
ಎರಡು ಸಣ್ಣ ಮಾತು. ವಾರಕ್ಕೊಂದು ಫೋಟೋ, ಅದೇ ಕಿಟಕಿ ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಜೊತೆಗೆ ಒಂದು ನೋಟ್‌ಬುಕ್ ಇಟ್ಟು "ತುಂಬಾ ನೋವು" ಅಂತ ಬರೆಯೋ ಬದಲು "ಇವತ್ತು ಜಡೆ ಹಾಕಿಕೊಳ್ಳೋಕಾಗಲಿಲ್ಲ, ತಮ್ಮ ಹಾಕಿದ" ಅಂತ ಬರೆಯಲಿ. ಇನ್ನೊಂದು, ಫೇಸ್‌ಬುಕ್ಕಿನಲ್ಲಿ "ಈಗ ಆರಾಮ" ಅಂತ ಹಾಕಬೇಡಿ. ನನ್ನ ಅಂಥದ್ದೇ ಒಂದು ಪೋಸ್ಟನ್ನು ಎದುರು ಪಾರ್ಟಿ ವಕೀಲರು ಪ್ರಿಂಟ್ ತೆಗೆದು ತಂದಿದ್ದರು.

ಕೇಳಿದವರು, ನಾಲ್ಕು ದಿನದ ಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಸಹಿ ಹಾಕಿಲ್ಲ. ಇಮೇಲ್ ಅದೇ ರಾತ್ರಿ ಕಳಿಸಿದೆ, ಕೇಸ್ ಶೀಟಿಗೆ ಟಿಪ್ಪಣಿ ಸೇರಿತು. ಅಕ್ಕನ ಬಟ್ಟೆಬರೆ ತರೋ ನೆಪದಲ್ಲಿ ಹೋಟೆಲಿಗೂ ಹೋಗಿಬಂದೆ. ಆ ಬಾತ್‌ರೂಮಿನಲ್ಲಿ ಹೊಸ ಗೀಸರ್ ನೇತಾಡುತ್ತಿದೆ, ಸ್ಟಿಕ್ಕರ್ ಕೂಡ ಕಿತ್ತಿಲ್ಲ. ಹಳೇದು ಎಲ್ಲಿ ಅಂದರೆ ಮ್ಯಾನೇಜರ್ ಗುಜರಿಗೆ ಹೋಯಿತು ಅಂದರು. ವಾಪಸ್ ಬರುವಾಗ ನೋಡಿದರೆ ಹಿಂದಿನ ಮೆಟ್ಟಿಲ ಕೆಳಗೆ ಬಕೆಟ್‌ಗಳ ನಡುವೆ ಬಿದ್ದಿತ್ತು. ಮುಟ್ಟಲಿಲ್ಲ. ಸೀರಿಯಲ್ ನಂಬರ್ ಕಾಣೋ ಹಾಗೆ ಆರು ಫೋಟೋ ತೆಗೆದು ಅಲ್ಲೇ ನಿಂತು ವಕೀಲರಿಗೆ ಕಳಿಸಿದೆ.